ತೆನೆ ಹಬ್ಬದ ಒಂಬತ್ತು ದಿನ, ಮಗುವಿನ ಹೂಬುಟ್ಟಿ

ಆಗಸ್ಟ್ 30ಕ್ಕೆ ಮಂಗಳೂರು, ಉಡುಪಿ ಕಡೆಯ ಚರ್ಚುಗಳಲ್ಲಿ ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ಶುರುವಾಗುತ್ತದೆ. ಸೆಪ್ಟೆಂಬರ್ 7ಕ್ಕೆ ಒಂಬತ್ತು ದಿನ ತುಂಬುತ್ತದೆ. ಮರುದಿನ 8ರಂದು ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ. ಕೊಂಕಣಿ ಮನೆಗಳಲ್ಲಿ ಅದು ಮೋಂತಿ ಫೆಸ್ತ್, ಅಂದೇ ಹೊಸ ತೆನೆಯನ್ನೂ ಆಶೀರ್ವದಿಸುವುದರಿಂದ ಕನ್ನಡದಲ್ಲಿ ಹೇಳುವಾಗ ತೆನೆ ಹಬ್ಬ. ಈ ಒಂಬತ್ತೂ ದಿನ ಮಕ್ಕಳು ಹೂವಿನ ಬುಟ್ಟಿ ಹಿಡಿದು ಬಾಲ ಮರಿಯಮ್ಮನವರ ಪ್ರತಿಮೆಯ ಮುಂದೆ ಸಾಲಾಗಿ ಬರುತ್ತಾರೆ, ಹಾಡುತ್ತ ಹಿಡಿಹಿಡಿಯಾಗಿ ಹೂ ಚೆಲ್ಲುತ್ತಾರೆ. ತಂದದ್ದರಲ್ಲಿ ಒಂದು ಎಸಳೂ ಮನೆಗೆ ಮರಳುವುದಿಲ್ಲ.

ವಸ್ತು, ಹಣ, ಆಸ್ತಿ ಇವುಗಳ ಬಗ್ಗೆ ಕ್ರೈಸ್ತ ಮನೆಯ ಮಗುವಿಗೆ ಏನು ಕಲಿಸಬೇಕು ಎಂದು ಕೇಳುವ ತಂದೆತಾಯಿಗಳಿಗೆ ನಾವು ಮೊದಲು ತೋರಿಸುವುದು ಈ ಬುಟ್ಟಿಯನ್ನೇ. "ಆಸೆಬುರುಕನಾಗಬೇಡ" ಎಂದು ನೂರು ಸಲ ಹೇಳಿದರೂ ಮಗುವಿನ ಕೈಗೆ ಏನೂ ಸಿಗುವುದಿಲ್ಲ. ಬುಟ್ಟಿಯಲ್ಲಾದರೆ ಮಾಡಲು ಕೆಲಸವಿದೆ, ಕೆಲಸಕ್ಕೊಂದು ಕ್ರಮವಿದೆ. ಮೊದಲು ದೇವರಿಗೆ, ಆಮೇಲೆ ಎಲ್ಲರಿಗೂ ಪಾಲು, ಆಮೇಲೆ ನನ್ನ ತುತ್ತು. ಹಬ್ಬದ ಊಟದವರೆಗೂ ಸಾಗುವುದು ಇದೇ ಕ್ರಮ.

ಹೂ ಕೊಯ್ಯುವುದರಿಂದಲೇ ಆರಂಭಿಸಿ. ಆ ಹೊತ್ತಿಗೆ ಅಂಗಳದಲ್ಲಿ ದಾಸವಾಳ, ಕೇಪುಳ, ನಂದಿಬಟ್ಟಲು, ಗೌರಿ ಹೂ ಧಾರಾಳವಾಗಿರುತ್ತವೆ. ಮಗುವಿಗೆ ಎರಡು ನಿಯಮ ಸಾಕು. ಒಂದು, ಗಿಡದಲ್ಲಿರುವ ಹೂವನ್ನೆಲ್ಲ ಬೋಳಿಸಬಾರದು, ದುಂಬಿಗೂ ನಾಳೆಗೂ ಸ್ವಲ್ಪ ಉಳಿಸಬೇಕು. ಬೈಬಲ್ಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಇಂಥದೇ ಒಂದು ಕಟ್ಟಳೆಯಿದೆ: ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಉದುರಿದ ತೆನೆ ಆಯಬೇಡಿ, ಅದು ಬಡವರದು, ಪರದೇಶದವರದು. ಎರಡು, ಪಕ್ಕದ ಮನೆಯ ಗಿಡದಿಂದ ಕೊಯ್ಯಬೇಕಾದರೆ ಕೇಳಿಯೇ ಕೊಯ್ಯಬೇಕು. ಕೇಳದೆ ಕಿತ್ತ ಹೂವನ್ನು ಕಾಣಿಕೆ ಎನ್ನಲಾಗದು. ಫ್ಲ್ಯಾಟಿನಲ್ಲಿರುವವರಿಗೆ ಅಂಗಳವಿಲ್ಲ, ನಿಜ. ಜೂನ್ ಕೊನೆಯಲ್ಲೋ ಜುಲೈ ಮೊದಲಲ್ಲೋ ಬಾಲ್ಕನಿಯ ಎರಡು ಕುಂಡಗಳಲ್ಲಿ ಗೌರಿ ಹೂವಿನ ಬೀಜ ಹಾಕಿದರೆ ನೊವೆನಾ ಹೊತ್ತಿಗೆ ಹೂ ಬಿಡುತ್ತದೆ. ಮಗು ಎರಡು ತಿಂಗಳು ನೀರು ಹಾಕಿ ಬೆಳೆಸಿದ ಏಳೆಂಟು ಹೂವನ್ನು ಚೆಲ್ಲಿ ಬರುವಾಗ ಅದರ ಮುಖ ನೋಡಿ. ಮಾರುಕಟ್ಟೆಯಲ್ಲಿ ಮೊಳಗಟ್ಟಲೆ ಕೊಂಡ ಸೇವಂತಿಗೆ ಚೆಲ್ಲುವಾಗ ಆ ಮುಖ ಇರುವುದಿಲ್ಲ.

ಹೆಚ್ಚು ಕಡೆ ಕೆಡುವುದು ಇಲ್ಲೇ. ತಂದೆತಾಯಿ ಹೂ ಕೊಂಡು ಬುಟ್ಟಿ ತುಂಬಿಸಿ ಕೊಡುತ್ತಾರೆ, ಮಗು ಒಯ್ದು ಮುಟ್ಟಿಸುತ್ತದೆ ಅಷ್ಟೆ. ಭಾನುವಾರದ ಕಾಣಿಕೆಯಲ್ಲೂ ಹೀಗೆಯೇ. ಕಾಣಿಕೆ ಚೀಲ ಹತ್ತಿರ ಬಂದಾಗ ಅಪ್ಪ ಜೇಬಿನಿಂದ ಹತ್ತು ರೂಪಾಯಿ ತೆಗೆದು ಮಗುವಿನ ಕೈಗಿಡುತ್ತಾರೆ, ಮಗು ಚೀಲಕ್ಕೆ ಹಾಕುತ್ತದೆ. ಅದು ಕೊಟ್ಟದ್ದು ಅಪ್ಪನ ಹಣ, ಹಾಗಾಗಿ ಅದಕ್ಕೆ ಕೊಟ್ಟ ಅನುಭವವೇ ಆಗಿಲ್ಲ. ಇನ್ನೊಂದು ತಪ್ಪು, ಬುಟ್ಟಿಗಳ ಹೋಲಿಕೆ. "ಅವಳ ಬುಟ್ಟಿ ನೋಡು, ಎಷ್ಟು ಚಂದ ತುಂಬಿಸಿದ್ದಾರೆ" ಎಂಬ ಒಂದು ಮಾತಿಗೆ ಒಂಬತ್ತು ದಿನದ ಕಲಿಕೆ ಮಣ್ಣಾಗುತ್ತದೆ.

ಏಳು ವರ್ಷ ದಾಟಿದ ಮಕ್ಕಳಿಗೆ ಹಣವನ್ನೂ ಈ ದಿನಗಳಲ್ಲೇ ಕಲಿಸಬಹುದು. ಮುಚ್ಚಳವಿರುವ ಮೂರು ಪಾರದರ್ಶಕ ಡಬ್ಬಿ ಇಡಿ. ಒಂದು ದೇವರಿಗೂ ಬಡವರಿಗೂ, ಒಂದು ಉಳಿತಾಯಕ್ಕೆ, ಒಂದು ಖರ್ಚಿಗೆ. ವಾರಕ್ಕೆ 50 ರೂಪಾಯಿ ಕೊಡುವುದಾದರೆ ಐವತ್ತರ ನೋಟು ಬೇಡ, ಹತ್ತರ ಐದು ನಾಣ್ಯ ಕೊಡಿ. ನೋಟನ್ನು ಮಗು ಪಾಲು ಮಾಡಲಾರದು. ಮೊದಲ ನಾಣ್ಯ ಮೊದಲ ಡಬ್ಬಿಗೆ, ಕೊಟ್ಟ ಗಳಿಗೆಯಲ್ಲೇ. ಖರ್ಚೆಲ್ಲ ಆದ ಮೇಲೆ ಉಳಿದರೆ ಹಾಕು ಎಂದರೆ ಯಾವ ವಾರವೂ ಉಳಿಯುವುದಿಲ್ಲ, ದೊಡ್ಡವರ ಸಂಬಳದ ಕತೆಯೂ ಅಷ್ಟೇ ತಾನೆ? ಯಾಜಕಕಾಂಡದ 23ನೇ ಅಧ್ಯಾಯದ ಪ್ರಕಾರ ಮೊದಲ ಸಿವುಡನ್ನು ದೇವರಿಗೆ ಒಪ್ಪಿಸುವ ತನಕ ಹೊಸ ಬೆಳೆಯ ರೊಟ್ಟಿಯಾಗಲಿ, ಹುರಿದ ಕಾಳಾಗಲಿ, ಹಸಿ ತೆನೆಯಾಗಲಿ ತಿನ್ನುವಂತಿರಲಿಲ್ಲ. ಅಲ್ಲಿ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದು ಮುಖ್ಯ. ಮೊದಲ ಡಬ್ಬಿಯ ಹಣ ಎಲ್ಲಿಗೆ ಹೋಗುತ್ತದೆಂದು ಮಗುವಿನ ಕಣ್ಣಿಗೆ ಬೀಳಬೇಕು. ಎಷ್ಟೋ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯವರು ಬಡ ಮನೆಗಳಿಗೆ ಅಕ್ಕಿ, ಔಷಧಿ ಮುಟ್ಟಿಸುತ್ತಾರೆ. ಮಗುವೇ ಎಣಿಸಿ ಅವರ ಕೈಗೆ ಕೊಡಲಿ.

ಮಗುವಿನ ಆಟಿಕೆಯನ್ನು ಅದಕ್ಕೆ ಹೇಳದೆ ಎತ್ತಿ ದಾನ ಮಾಡಿಬಿಡುವವರಿದ್ದಾರೆ. ದಯವಿಟ್ಟು ಬೇಡ. ತನ್ನದು ಎಂಬುದು ಗಟ್ಟಿಯಾಗಿ ಇದ್ದರೆ ತಾನೆ ಕೊಡಲು ಬರುವುದು? ಕಸಿದುಕೊಂಡರೆ ಮಗು ಬಚ್ಚಿಡಲು ಕಲಿಯುತ್ತದೆ. ಮುರಿದ ಕಾರು, ಹರಿದ ಅಂಗಿಯನ್ನು "ಬಡವರಿಗೆ" ಎಂದು ತೆಗೆದಿಡುವುದೂ ಬೇಡ. ಕೊಡುವುದಾದರೆ ತಾನು ಇನ್ನೂ ಆಡುತ್ತಿರುವುದರಲ್ಲಿ ಒಂದನ್ನು, ತಾನೇ ಆರಿಸಿ ಕೊಡಲಿ. ಆರಿಸಲು ಎರಡು ದಿನ ಬೇಕೆಂದರೆ ಎರಡು ದಿನ ಕಾಯಿರಿ.

ನೊವೆನಾದ ಸಂಜೆಗಳಲ್ಲಿ, ರೋಜರಿ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಹತ್ತು ನಿಮಿಷ ಒಂದೊಂದು ಬೈಬಲ್ ಕತೆ ಹೇಳಿ. ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ, ಹೆಚ್ಚಿದ ಬೆಳೆ ತುಂಬಿಡಲು ದೊಡ್ಡ ಕಣಜ ಕಟ್ಟಲು ಹೊರಟ ಹಣವಂತನ ಸಾಮತಿಯನ್ನು (ದೃಷ್ಟಾಂತ ಕತೆಯನ್ನು) ಗಟ್ಟಿಯಾಗಿ ಓದಿ, "ನಾನು", "ನನ್ನ" ಎಂದು ಬಂದಾಗಲೆಲ್ಲ ಒಂದು ಬೆರಳು ಮಡಚಲು ಮಕ್ಕಳಿಗೆ ಹೇಳಿ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ಕೊನೆಗೆ ತನ್ನ ಪ್ರಾಣದೊಡನೆಯೇ ಮಾತು. ಬೆಳೆ ಕೊಟ್ಟವರ ಹೆಸರಿಲ್ಲ, ಕೊಯ್ದ ಆಳುಗಳ ಹೆಸರಿಲ್ಲ, ನೆರೆಮನೆಯವರಿಲ್ಲ. ಆಮೇಲೆ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಹೇಳಿಸಿ. ಅಲ್ಲಿ ಅನುದಿನದ ಆಹಾರ ಕೇಳುವುದು "ನಮಗೆ", ಅದೂ "ಇಂದು". "ನನಗೆ" ಎಂಬ ಮಾತೇ ಇಲ್ಲ. ವಿವರಣೆ ಬೇಕಿಲ್ಲ, ಎಂಟು ವರ್ಷದ ಮಗು ತಾನೇ ಹಿಡಿದು ಹೇಳುತ್ತದೆ.

ವಿಮೋಚನಕಾಂಡದ 16ನೇ ಅಧ್ಯಾಯದ ಮನ್ನದ ಕತೆ ಇನ್ನೊಂದು ಸಂಜೆಗೆ. ಮರಳುಗಾಡಿನಲ್ಲಿ ಬೆಳಗ್ಗೆ ನೆಲದ ಮೇಲೆ ಹಿಮದಂತೆ ತೆಳ್ಳಗೆ ಬಿದ್ದ ಆಹಾರವನ್ನು ನೋಡಿ ಇಸ್ರಯೇಲರು ತಮ್ಮ ಹೀಬ್ರೂ ಮಾತಿನಲ್ಲಿ "ಇದೇನು?" ಎಂದು ಕೇಳಿದ್ದರಿಂದ ಆ ಹೆಸರು. ತಲೆಗೊಂದು ಓಮೆರ್, ಅಂದರೆ ಸುಮಾರು 2 ಲೀಟರ್ ಅಳತೆ. ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಆರನೆಯ ದಿನ ಮಾತ್ರ ಎರಡರಷ್ಟು, ಮರುದಿನದ ಸಬ್ಬತ್ತಿಗಾಗಿ, ಅಂದರೆ ವಿಶ್ರಾಂತಿಯ ದಿನಕ್ಕಾಗಿ. ಅದು ಕೆಡಲಿಲ್ಲ. ಈ ಕತೆ ಕೇಳಿದ ಚುರುಕು ಮಗು ಒಂದು ಪ್ರಶ್ನೆ ಕೇಳಿಯೇ ಕೇಳುತ್ತದೆ: ಹಾಗಾದರೆ ಜೋಸೆಫ್ ಈಜಿಪ್ಟಿನಲ್ಲಿ ಏಳು ವರ್ಷ ಧಾನ್ಯ ಕೂಡಿಟ್ಟದ್ದು ಯಾಕೆ ತಪ್ಪಲ್ಲ? ನಮ್ಮ ಉಳಿತಾಯದ ಡಬ್ಬಿ ಯಾಕೆ ತಪ್ಪಲ್ಲ?

ಈ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಇಡೀ ವಿಷಯದ ತಿರುಳು ಇದರಲ್ಲಿದೆ. ಆದಿಕಾಂಡದ 41ನೇ ಅಧ್ಯಾಯದಲ್ಲಿ ಜೋಸೆಫ್ ಸುಭಿಕ್ಷದ ವರ್ಷಗಳ ಬೆಳೆಯಲ್ಲಿ ಐದರಲ್ಲಿ ಒಂದು ಪಾಲು ಎತ್ತಿಡುತ್ತಾನೆ, ಬರ ಬಂದಾಗ ಕಣಜದ ಬಾಗಿಲು ತೆರೆಯುತ್ತಾನೆ. ಆ ಕಣಜ ಕಟ್ಟಿದ್ದು ಒಂದು ದಿನ ತೆರೆಯುವುದಕ್ಕೇ. ಹಣವಂತ ಕಣಜ ಕಟ್ಟಲು ಹೊರಟದ್ದು ಮುಚ್ಚಿಡುವುದಕ್ಕೆ. ಮನ್ನ ಬಚ್ಚಿಟ್ಟವರಿಗೆ, ನಾಳೆಯೂ ಕೊಡುತ್ತೇನೆ ಎಂದ ದೇವರ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಕೂಡಿಡುವುದು ಒಂದೇ ಕೆಲಸ, ಒಳಗಿನ ಕಾರಣ ಬೇರೆ. ಹಾಗಾಗಿ ಮಗುವಿನ ಉಳಿತಾಯದ ಡಬ್ಬಿಯ ಮೇಲೆ ಯಾತಕ್ಕೆ ಎಂದು ಒಂದು ಚೀಟಿ ಅಂಟಿಸಿ: ಸೈಕಲ್, ಪುಸ್ತಕ, ತಂಗಿಯ ಹುಟ್ಟುಹಬ್ಬ. ಯಾತಕ್ಕೂ ಅಲ್ಲದೆ ಸುಮ್ಮನೆ ತುಂಬುವ ಡಬ್ಬಿ ಬೇಡ.

ದೇವರ ಮೇಲೆ ಭರವಸೆ ಎಂಬ ಮಾತನ್ನು ಮಕ್ಕಳೆದುರು ಬಳಸುವಾಗ ಬಹಳ ಜಾಗ್ರತೆ ಬೇಕು. ಮತ್ತಾಯನ 6ನೇ ಅಧ್ಯಾಯದಲ್ಲಿ ಆಕಾಶದ ಹಕ್ಕಿಗಳು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಆದರೂ ತಂದೆಯಾದ ದೇವರು ಅವುಗಳನ್ನು ಸಾಕುತ್ತಾರೆ ಎಂದಿದೆ. ಆದರೆ ಮರಿಗಳ ಹೊರತು ಯಾವ ಹಕ್ಕಿಯೂ ಗೂಡಿನಲ್ಲಿ ಬಾಯಿ ತೆರೆದು ಕೂತು ದಿನ ಕಳೆಯುವುದಿಲ್ಲ. ಬೆಳಗಾದರೆ ಹಾರಿ ಹುಡುಕುತ್ತದೆ. ಅಪ್ಪನ ಕೆಲಸ ಹೋಗಿದೆ, ಫೀಸು ಕಟ್ಟಲು ತಡವಾಗಿದೆ ಎಂಬುದು ಮಗುವಿಗೆ ಗೋಡೆಯಾಚೆಯಿಂದಲೇ ಗೊತ್ತಾಗುತ್ತದೆ. ಆಗ ಬರೀ "ದೇವರು ನೋಡಿಕೊಳ್ತಾರೆ ಮಗಾ" ಎಂದರೆ ಅದಕ್ಕೆ ಭಯ ಇಳಿಯುವುದಿಲ್ಲ. ಏನು ಇದೆ ಎಂದು ಹೇಳಿ: ಅಕ್ಕಿ ಇದೆ, ಬಾಡಿಗೆಗೆ ಎರಡು ತಿಂಗಳ ಹಣ ಇದೆ. ಏನು ಮಾಡುತ್ತೇವೆ ಎಂದು ಹೇಳಿ: ಅಪ್ಪ ಹುಡುಕುತ್ತಿದ್ದಾರೆ, ಈ ಸಲ ಹೊಸ ಬಟ್ಟೆ ಇಲ್ಲ. ಆಮೇಲೆ ಒಟ್ಟಿಗೆ ಕೂತು ಪ್ರಾರ್ಥಿಸಿ. ಹೀಗೆ ಹೇಳಿದ ಮನೆಯಲ್ಲಿ ಪ್ರಾರ್ಥನೆಗೆ ಕಾಲೂರಲು ನೆಲವಿರುತ್ತದೆ.

"ಕೊಟ್ಟರೆ ದೇವರು ಹತ್ತು ಪಟ್ಟು ಕೊಡುತ್ತಾರೆ" ಎಂದು ಮಾತ್ರ ಕಲಿಸಬೇಡಿ. ಅದು ಕಾಣಿಕೆಯನ್ನು ಬಡ್ಡಿ ವ್ಯವಹಾರ ಮಾಡುತ್ತದೆ. ಒಂದು ದಿನ ಹತ್ತು ಪಟ್ಟು ಬರಲಿಲ್ಲವೆಂದರೆ ಮಗು ದೇವರನ್ನೇ ಬಿಟ್ಟೀತು. ಹರಕೆಯ ವಿಷಯದಲ್ಲೂ ಇದೇ ಎಚ್ಚರ. "ಗಣಿತದಲ್ಲಿ ಪಾಸಾದರೆ ಮೇಣದ ಬತ್ತಿ ಹಚ್ಚುತ್ತೇನೆ" ಎನ್ನುವ ಮಗುವಿಗೆ, ಬತ್ತಿ ಇವತ್ತೇ ಹಚ್ಚು, ಪರೀಕ್ಷೆಗೆ ಆಮೇಲೆ ಓದು ಎನ್ನಿ. ತನ್ನಲ್ಲಿದ್ದ ಎರಡೇ ಪುಡಿಗಾಸನ್ನು ಕಾಣಿಕೆ ಹಾಕಿದ ಬಡ ವಿಧವೆಯ ಕತೆ ಹೇಳುವಾಗಲೂ ಅದಕ್ಕಿಂತ ಸ್ವಲ್ಪ ಮೇಲಿನ ವಾಕ್ಯ ಬಿಡಬೇಡಿ. ಮಾರ್ಕನ 12ನೇ ಅಧ್ಯಾಯದಲ್ಲಿ, ವಿಧವೆಯರ ಮನೆ ನುಂಗುವವರನ್ನು ಯೇಸುಸ್ವಾಮಿ ಖಂಡಿಸಿದ ಬೆನ್ನಿಗೇ ಆ ಕತೆ ಬರುತ್ತದೆ. ಇಲ್ಲದವರಿಂದ ಕೊನೆಯ ಕಾಸು ಕೇಳುವುದಕ್ಕೆ ಅದನ್ನು ಬಳಸಬಾರದು.

ಮೋಂತಿ ಫೆಸ್ತ್ ಎಂಬ ಹೆಸರಿಗೆ ಮೂಲ ಮಂಗಳೂರು ಬಳಿಯ ಫರಂಗಿಪೇಟೆಯ ಗುಡ್ಡದ ಮೇಲಿನ ಮೋಂತೆ ಮರಿಯಾನೊ ಚರ್ಚು. 1763ರಲ್ಲಿ ಗೋವೆಯ ಗುರು ಜೋಕಿಂ ಮಿರಾಂದ ಅಲ್ಲಿ ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. ಇಪ್ಪತ್ತೊಂದು ವರ್ಷಗಳ ನಂತರ, 1784ರಲ್ಲಿ, ಕೆನರಾದ (ಈ ಕರಾವಳಿಯ) ಕ್ರೈಸ್ತರು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. ಮನೆ, ಗದ್ದೆ ಎಲ್ಲ ಹೋಯಿತು. 1799ರಲ್ಲಿ ಟಿಪ್ಪು ಮಡಿದ ನಂತರ ಬದುಕಿ ಮರಳಿದವರು ಮತ್ತೆ ಗದ್ದೆ ಮಾಡಿದರು, ಮತ್ತೆ ತೆನೆ ತಂದರು. ಹನ್ನೆರಡು ದಾಟಿದ ಮಕ್ಕಳಿಗೆ ಇದನ್ನು ಹೇಳಬಹುದು, ಯಾರ ಮೇಲೂ ದ್ವೇಷ ತುಂಬದೆ. ಗದ್ದೆ ಹೋದ ವರ್ಷಗಳಲ್ಲೂ ಪ್ರಾರ್ಥನೆ ಉಳಿದಿತ್ತು ಎಂಬಷ್ಟನ್ನೇ ಅವರು ಹಿಡಿದುಕೊಳ್ಳಲಿ.

ಇನ್ನು ಹಬ್ಬದ ದಿನ. ತೆನೆ ಆಶೀರ್ವದಿಸಿ, ಮೆರವಣಿಗೆಯಲ್ಲಿ ಚರ್ಚಿನೊಳಗೆ ತಂದು, ಬಲಿಪೂಜೆಯ (ಚರ್ಚಿನ ಮಾಸ್ ಪ್ರಾರ್ಥನೆಯ) ನಂತರ ಕುಟುಂಬಗಳಿಗೆ ಹಂಚುತ್ತಾರೆ. ಮಕ್ಕಳಿಗೆ ಕಬ್ಬು. ಮನೆಗೆ ಬಂದ ತೆನೆಯನ್ನು ಮಗುವಿನ ಅಂಗೈ ಮೇಲಿಟ್ಟು ನೋಡಲು ಬಿಡಿ. ಕೆಲವು ಕಾಳು ಹಳದಿ, ಕೆಲವು ಇನ್ನೂ ಹಸಿರು. ಹಸಿರು ಕಾಳನ್ನು ಉಗುರಿನಿಂದ ಒತ್ತಿದರೆ ಬಿಳಿ ಹಾಲು ಜಿನುಗುತ್ತದೆ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಬಹುಪಾಲು ಗದ್ದೆ ಆಗ ಇನ್ನೂ ಕೊಯ್ಲಿಗೆ ಬಂದಿರುವುದಿಲ್ಲ. ಮಳೆ ಸುರಿದು ಪೈರು ಮಲಗಬಹುದು, ಹಂದಿ ನುಗ್ಗಬಹುದು. ಬೆಳೆ ಅಂಗಳಕ್ಕೆ ಬರುವ ಮೊದಲೇ, ಗದ್ದೆಯಲ್ಲಿ ನಿಂತಿರುವಾಗಲೇ ನಾವು ದೇವರಿಗೆ ವಂದನೆ ಹೇಳಿಬಿಟ್ಟಿದ್ದೇವೆ. ಭರವಸೆ ಎಂದರೇನು ಎಂದು ಮಗು ಕೇಳಿದರೆ ಆ ಹಾಲುಗಾಳು ತೋರಿಸಿ.

ತೆನೆಯನ್ನು ದೇವರ ಪೀಠದ ಮುಂದಿಟ್ಟು ಪ್ರಾರ್ಥಿಸಿದ ಮೇಲೆ, ಬಲಿತ ಕಾಳುಗಳನ್ನು ಸುಲಿಯುವ ಕೆಲಸ ಮಕ್ಕಳದು. ಒಬ್ಬೊಬ್ಬರಿಗೆ ಹತ್ತು ಕಾಳು ಸಾಕು. ಉಗುರಿನಲ್ಲಿ ಹೊಟ್ಟು ಬಿಡಿಸಲು ಐದು ನಿಮಿಷ ಹಿಡಿಯುತ್ತದೆ, ಒಂದು ತುತ್ತು ಅನ್ನಕ್ಕೆ ಎಷ್ಟು ಕಾಳು, ಎಷ್ಟು ಕೈ ಎಂಬ ಲೆಕ್ಕ ಆಗ ತಾನಾಗಿ ಹುಟ್ಟುತ್ತದೆ. ಅಕ್ಕಿಯನ್ನು ಪುಡಿ ಮಾಡಿ ತೆಂಗಿನ ಹಾಲು, ಬೆಲ್ಲದ ಪಾಯಸಕ್ಕೆ ಬೆರೆಸಿ. ಬಿಸಿ ಕುದಿಯುವಾಗ ಬೆಲ್ಲ ಹಾಕಿದರೆ ಹಾಲು ಒಡೆಯಬಹುದು, ಒಲೆಯಿಂದಿಳಿಸಿದ ಮೇಲೆ ಹಾಕಿ. ಮನೆಯ ಹಿರಿಯರು ಒಬ್ಬೊಬ್ಬರಿಗೂ ತಮ್ಮ ಕೈಯಿಂದ ಕೊಡುತ್ತಾರೆ, ಅದು ಸಿಗುವ ತನಕ ಎಲೆಯ ಊಟಕ್ಕೆ ಯಾರೂ ಕೈ ಹಾಕುವಂತಿಲ್ಲ. ಊಟ ಪೂರ್ತಿ ಸಸ್ಯಾಹಾರ. ಹೀರೆ, ಬೆಂಡೆ, ಅಲಸಂಡೆ, ಹರಿವೆ, ಕೆಸು, ಅಂಬಟೆ, ಹೀಗೆ ಐದೋ ಏಳೋ ಒಂಬತ್ತೋ ಬಗೆ, ಬೆಸ ಸಂಖ್ಯೆಯಲ್ಲಿ. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಪ್ರಥಮ ಫಲದ ಬುಟ್ಟಿ ಒಪ್ಪಿಸಿದವರು ಪರದೇಶದವರನ್ನೂ ಕೂಡಿಸಿಕೊಂಡು ಸಂತೋಷಪಡಬೇಕು ಎಂದಿದೆ. ಆದ್ದರಿಂದ ಒಂದು ಎಲೆ ಹೆಚ್ಚಿಗೆ ಹಾಕಿ: ಮನೆಗೆಲಸದ ಅಕ್ಕನಿಗೋ, ಹಬ್ಬಕ್ಕೆ ಊರಿಗೆ ಹೋಗಲಾಗದ ಹೊರರಾಜ್ಯದ ಕೂಲಿಯವರಿಗೋ. ಯಾರನ್ನು ಕರೆಯಬೇಕೆಂದು ಮಕ್ಕಳೇ ಹೇಳಲಿ.

ದೂರ ಇರುವವರಿಗೂ ಪಾಲು ಉಂಟು. ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಇರುವ ಮಾವನಿಗಾಗಿ ನಾಲ್ಕೈದು ಕಾಳು ತೆಗೆದು, ಎರಡು ದಿನ ನೆರಳಲ್ಲಿ ಒಣಗಿಸಿ (ಹಸಿಯಾಗಿ ಹಾಕಿದರೆ ದಾರಿಯಲ್ಲಿ ಬೂಸ್ಟು ಹಿಡಿಯುತ್ತದೆ), ತೆಳು ಕಾಗದದಲ್ಲಿ ಮಡಚಿ, ಊರಿಗೆ ಬಂದು ಹೋಗುವವರ ಕೈಯಲ್ಲಿ ಕಳಿಸಿ. ಲಕೋಟೆಯ ಮೇಲೆ ಹೆಸರು ಬರೆಯುವುದು ಮಗುವಿನ ಕೆಲಸ. ಆಚೆ ಕಡೆ ಮಾವ ಆ ಕಾಳು ಕುಟ್ಟಿ ತಮ್ಮ ಮನೆಯ ಹಾಲಿಗೆ ಹಾಕಿ, ಎಲ್ಲರಿಗೂ ಒಂದೊಂದು ಚಮಚ ಕೊಟ್ಟು, ಫೋನು ಮಾಡುತ್ತಾರೆ.