ದೆಗಾನಿಯಾಕ್ಕೆ ಅರ್ಧ ದಿನ ಎತ್ತಿಡಿ: ಮೊದಲ ಕಿಬ್ಬುತ್ಸ್ ನೋಡಿಬಂದ ಅನುಭವ

ಇಸ್ರೇಲಿಗೆ ಹೋಗುವ ನಮ್ಮ ಕಡೆಯ ಟೂರ್ ಬಸ್ಸುಗಳು ಗಲಿಲೀ ಸರೋವರದ ದಕ್ಷಿಣ ತುದಿಯಲ್ಲಿ ಯಾರ್ದೆನಿತ್ ಎಂಬಲ್ಲಿ ನಿಲ್ಲುತ್ತವೆ. ಯಾತ್ರಿಕರು ಬಿಳಿ ನಿಲುವಂಗಿ ತೊಟ್ಟು ಜೋರ್ಡಾನ್ ನದಿಯಲ್ಲಿ ಮುಳುಗೇಳುವ ಜಾಗ ಅದು. ಅಲ್ಲಿಂದ ಒಂದೆರಡು ಕಿಲೋಮೀಟರ್ ದೂರದಲ್ಲೇ ದೆಗಾನಿಯಾ ಇದೆ, ಕಿಬ್ಬುತ್ಸ್‌ಗಳಲ್ಲೆಲ್ಲ ಮೊದಲನೆಯದು. ಕಿಬ್ಬುತ್ಸ್ ಅಂದರೆ ದುಡಿಮೆ, ಗಳಿಕೆ ಎಲ್ಲವನ್ನೂ ಹಂಚಿಕೊಂಡು ಬಾಳಲು ಕಟ್ಟಿದ ಸಹಕಾರಿ ಊರು. ಆದರೆ ಇಲ್ಲಿ ಬಸ್ಸು ನಿಲ್ಲಿಸುವವರು ಕಡಿಮೆ. ನೀವು ಹೋಗುವುದಾದರೆ ದಯವಿಟ್ಟು ಇಳಿಯಿರಿ. ಅರ್ಧ ದಿನ ಸಾಕು.

ನಾವು ಹೋಗಿದ್ದು 2023ರ ಮಾರ್ಚ್‌ನಲ್ಲಿ, ನಾನು ಮತ್ತು ಅಪ್ಪ. ಹಟ ಹಿಡಿದದ್ದು ಅಪ್ಪನೇ. ಅವರು ಗದಗಿನ ಕಡೆಯ ಒಂದು ಹಳ್ಳಿಯ ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವರು. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗದ ಕಣಗಿನಹಾಳದಲ್ಲಿ, ಅಲ್ವಾ? ಅದಾಗಿ ಐದೇ ವರ್ಷಕ್ಕೆ ಇಲ್ಲಿ ಹನ್ನೆರಡು ಜನ ಸೇರಿ ಸಾಲವನ್ನಷ್ಟೇ ಅಲ್ಲ, ಹೊಲ, ಅಡುಗೆ, ಗಳಿಕೆ ಎಲ್ಲವನ್ನೂ ಒಟ್ಟಿಗೆ ಮಾಡಿಕೊಂಡರು. ಅದನ್ನು ಕಣ್ಣಾರೆ ನೋಡಬೇಕು ಅನ್ನೋದು ಅಪ್ಪನ ಬಹಳ ದಿನದ ಆಸೆ.

ಕಥೆ ಶುರುವಾಗುವುದು ಪಕ್ಕದ ಕಿನ್ನೆರೆತ್ ಎಂಬ, ಯೆಹೂದಿ ವಲಸಿಗರ ತರಬೇತಿ ತೋಟದಲ್ಲಿ. 1909ರಲ್ಲಿ ಅಲ್ಲಿನ ಕೂಲಿಕಾರರಿಗೂ ಮ್ಯಾನೇಜರಿಗೂ ಜಗಳವಾಯಿತು, ಕೆಲಸ ನಿಂತಿತು. ಆಗ ಜಮೀನಿನ ಹೊಣೆ ಹೊತ್ತಿದ್ದ ಆರ್ತರ್ ರುಪ್ಪಿನ್ ಎಂಬುವರು ನದಿಯಾಚೆಯ ಉಮ್ ಜುನಿ ಎಂಬ ಜಾಗವನ್ನು ಮ್ಯಾನೇಜರ್ ಇಲ್ಲದೆ ನೀವೇ ನಡೆಸಿ ಅಂತ ಒಂದು ಸಣ್ಣ ಗುಂಪಿಗೆ ಒಪ್ಪಿಸಿದರು. ಒಂದು ವರ್ಷ ಪ್ರಯೋಗ ನಡೆಯಿತು. 1910ರಲ್ಲಿ ಹತ್ತು ಗಂಡಸರು, ಇಬ್ಬರು ಹೆಂಗಸರ ಇನ್ನೊಂದು ಗುಂಪು ಬಂದು ಕಾಯಂ ನೆಲೆಸಿತು. ಮೊದಮೊದಲು ಇದ್ದದ್ದು ಅರಬ್ ರೈತರ ಮಣ್ಣಿನ ಮನೆಗಳಲ್ಲಿ. ಹೆಸರು ದೆಗಾನಿಯಾ ಆಯಿತು. ಹೀಬ್ರೂನಲ್ಲಿ ‘ದಗಾನ್’ ಅಂದರೆ ಧಾನ್ಯ. ಇದನ್ನು ಕೇಳಿ ಅಪ್ಪ ಖುಷಿಯಿಂದ ಎರಡು ಸಲ ಹೇಳಿಕೊಂಡರು: ದಗಾನ್, ಧಾನ್ಯ.

ಇಲ್ಲೊಂದು ಸೂಚನೆ. ದೆಗಾನಿಯಾ ಎರಡಿವೆ, ಆಲೆಫ್ ಮತ್ತು ಬೆತ್. ಹಳೆಯದು ಆಲೆಫ್. ಬೆತ್ 1920ರಲ್ಲಿ ಪಕ್ಕದಲ್ಲೇ ಕಟ್ಟಿದ್ದು. ಡ್ರೈವರಿಗೆ ‘ಆಲೆಫ್’ ಅಂತ ಒತ್ತಿ ಹೇಳಿ.

ಒಳಗೆ ಹೋದರೆ ಮೊದಲು ನೋಡಬೇಕಾದ್ದು ಹಳಬರ ಅಂಗಳ. 1912ರಲ್ಲಿ ಮಣ್ಣಿನ ಮನೆ ಬಿಟ್ಟು ಬಂದು ನೆಲೆಸಿದ ಜಾಗ. ಆ ಸೀಮೆಯ ಕರಿಗಲ್ಲಿನ ಗೋಡೆ, ನಡುವೆ ಬಯಲು. ಅಪ್ಪ ಆ ಕಲ್ಲಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತರು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ‘ಇಷ್ಟ ಸಣ್ಣದs?’ ಅಂದರು. ಹೌದು, ಅಷ್ಟೇ ಸಣ್ಣದು. ನಮ್ಮ ಕಡೆ ಒಂದು ದೊಡ್ಡ ಗೌಡರ ಮನೆಯ ಹಿತ್ತಿಲಷ್ಟು. ಮುಂದೆ ಇನ್ನೂರಕ್ಕೂ ಹೆಚ್ಚು ಕಿಬ್ಬುತ್ಸ್‌ಗಳು ಎದ್ದದ್ದು ಇದನ್ನು ನೋಡಿಕೊಂಡು.

ನಮಗೆ ಊರು ತೋರಿಸಿದ್ದು ಎಪ್ಪತ್ತು ದಾಟಿದ ಒಬ್ಬ ಹಿರಿಯಾಕೆ. ಊರು ಕಟ್ಟಿದವರಲ್ಲಿ ಒಬ್ಬರಾದ ಮಿರಿಯಮ್ ಬರಾಟ್ಸ್ ಕಥೆ ಹೇಳಿದ್ದು ಅವರೇ. ಎಲ್ಲರೂ ಸಮಾನರು ಅಂತ ಊರು ಕಟ್ಟಿದರೂ ಗಂಡಸರಿಗೆ ಹೊಲ, ಹೆಂಗಸರಿಗೆ ಅಡುಗೆ, ಬಟ್ಟೆ ಒಗೆಯುವ ಕೆಲಸ ಅಂತ ಹಂಚಿದ್ದರು. ಮಿರಿಯಮ್ ಒಪ್ಪಲಿಲ್ಲ. ಪಕ್ಕದ ಅರಬ್ ಹಳ್ಳಿಗೆ ಹೋಗಿ ಹಾಲು ಕರೆಯುವುದನ್ನು ಕಲಿತರು. ಒಂದು ದಿನ ನಸುಕಿನಲ್ಲಿ, ಗಂಡಸರು ಏಳುವ ಮೊದಲೇ, ಕೊಟ್ಟಿಗೆಯ ಹಸುಗಳನ್ನೆಲ್ಲ ಕರೆದು ಮುಗಿಸಿದ್ದರಂತೆ. ಆಮೇಲೆ ಕೊಟ್ಟಿಗೆ ಅವರದೇ ಆಯಿತು. ಅಲ್ಲಿ ಹುಟ್ಟಿದ ಮೊದಲ ಮಗು ಅವರದು, ಗಿಡಿಯೋನ್. ಎರಡನೆಯದು 1915ರಲ್ಲಿ ಹುಟ್ಟಿದ ಮೋಶೆ ದಯಾನ್, ಮುಂದೆ ಸೇನೆಯ ಮುಖ್ಯಸ್ಥರಾದವರು.

ಅಪ್ಪ ನನ್ನ ತೋಳು ಜಗ್ಗಿ, ‘ಲೆಕ್ಕ ಯಾರ್ ಇಡತಾರ ಕೇಳು’ ಅಂದರು. ಕೇಳಿದೆ. ಆಕೆಗೆ ಆ ಪ್ರಶ್ನೆ ಬಹಳ ಹಿಡಿಸಿತು. ಬೆಂಚಿನ ಮೇಲೆ ಕೂತು ವಿವರವಾಗಿ ಹೇಳಿದರು. ದಶಕಗಟ್ಟಲೆ ಯಾರಿಗೂ ಸಂಬಳ ಅಂತ ಇರಲಿಲ್ಲ. ದುಡಿದದ್ದೆಲ್ಲ ಒಂದೇ ಖಜಾನೆಗೆ, ಊಟ ಒಂದೇ ಹಾಲ್‌ನಲ್ಲಿ. 2007ರಲ್ಲಿ ಅದು ಬದಲಾಯಿತು. ಈಗ ಅವರವರ ಸಂಬಳ ಅವರವರಿಗೆ, ಕೈಸಾಗದವರಿಗೆ ಎಲ್ಲರೂ ಸೇರಿ ಆಸರೆ. ಇಳುವರಿ, ಸಾಲ, ಬಡ್ಡಿ ಅಂತ ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು, ನಾನು ನಡುವೆ ಅನುವಾದ ಮಾಡುತ್ತಾ ಕೂತಿದ್ದೆ. ಆದ್ದರಿಂದ ಸುಮ್ನೆ ಸುತ್ತಿ ಬರಬೇಡಿ, ಮೊದಲೇ ಫೋನ್ ಮಾಡಿ ಊರಿನವರೊಬ್ಬರು ಜೊತೆಗೆ ಬರುವಂತೆ ಕೇಳಿ.

ಗೇಟಿನ ಹತ್ತಿರ ಒಂದು ಸಣ್ಣ ಟ್ಯಾಂಕ್ ನಿಂತಿದೆ. ರೆನೋ ಆರ್-35, ಸಿರಿಯಾ ಸೇನೆಯದು. ಇಸ್ರೇಲ್ ಹುಟ್ಟಿದಾಗ ನಡೆದ ಯುದ್ಧದಲ್ಲಿ, 1948ರ ಮೇ 20ರಂದು, ಊರಿನ ಒಳಗೇ ನುಗ್ಗಿ ಬಂದದ್ದು. ಒಳಗಿದ್ದ ಹೋರಾಟಗಾರರು ಸುಮಾರು 70 ಮಂದಿ. ಬೆಂಕಿಬಾಟಲಿ ಎಸೆದು ನಿಲ್ಲಿಸಿದರು ಅಂತ ಊರಿನ ಮಾತು. ಟ್ಯಾಂಕ್ ನಿಲ್ಲಿಸಿದ್ದು ಬಾಟಲಿಯಲ್ಲ, ಪಿಯಾಟ್ ಎಂಬ ಕೈಯಸ್ತ್ರ ಅನ್ನುವ ವಾದವೂ ಇದೆ. ಫೋಟೋಗೆ ಎಲ್ಲರೂ ಇಲ್ಲೇ ನಿಲ್ಲುತ್ತಾರೆ. ನನಗೆ ಮಾತ್ರ ಕೊಟ್ಟಿಗೆಯ ಕಥೆಯೇ ಹೆಚ್ಚು ಉಳಿಯಿತು.

ಅದೇ ಸಾಲಿನಲ್ಲಿ ಇನ್ನೊಂದನ್ನೂ ಹೇಳಬೇಕು. ಸರೋವರದ ದಂಡೆಯಲ್ಲಿ ಸಮಖ್ ಎಂಬ ಅರಬ್ ಊರಿತ್ತು, ಮೂರು ಸಾವಿರಕ್ಕೂ ಹೆಚ್ಚು ಜನ. 1948ರ ಏಪ್ರಿಲ್‌ನಲ್ಲಿ ಅದು ಖಾಲಿಯಾಯಿತು. ಈಗ ಆ ಜಾಗ ತ್ಸೆಮಖ್ ಜಂಕ್ಷನ್. ಹಳೆಯ ರೈಲು ನಿಲ್ದಾಣದ ಕಟ್ಟಡ ಅಲ್ಲಿ ಉಳಿದಿದೆ. ಹೋಗಿ ನೋಡಿ. ಈ ಮಣ್ಣಿನ ಕಥೆ ಒಬ್ಬರದಷ್ಟೇ ಅಲ್ಲ ಅನ್ನೋದು ಅಲ್ಲಿ ನಿಂತಾಗ ಗೊತ್ತಾಗುತ್ತದೆ.

ಸಮಯವಿದ್ದರೆ ದೆಗಾನಿಯಾದ ಪ್ರಕೃತಿ, ಕೃಷಿಯ ಬೇತ್ ಗೋರ್ಡನ್ ಮ್ಯೂಸಿಯಂ ನೋಡಿ, ತೆರೆದಿದೆಯೇ ಅಂತ ಕೇಳಿಕೊಂಡು ಹೋಗಿ. ತಪ್ಪಿಸಬಾರದ ಜಾಗ ಕಿನ್ನೆರೆತ್ ಸ್ಮಶಾನ. ಸರೋವರಕ್ಕೆ ಮುಖ ಮಾಡಿದ ದಂಡೆಯಲ್ಲಿ ಕವಯಿತ್ರಿ ರಾಹೇಲ್ ಸಮಾಧಿ ಇದೆ. ದೆಗಾನಿಯಾದಲ್ಲಿದ್ದಾಗ ಅವರಿಗೆ ಕ್ಷಯ ಇರುವುದು ಗೊತ್ತಾಯಿತು. ಮಕ್ಕಳಿಗೆ ಅಂಟೀತೆಂದು ಊರು ಅವರನ್ನು ಹೊರಗೆ ಕಳಿಸಿತು. 1931ರಲ್ಲಿ ತೀರಿಕೊಂಡರು, ಮಣ್ಣಾದದ್ದು ಮತ್ತೆ ಇದೇ ನೀರಿನ ಪಕ್ಕ. ಸಮಾಧಿಯ ಬಳಿ ಒಂದು ಪೆಟ್ಟಿಗೆ, ಅದರಲ್ಲಿ ಅವರ ಕವಿತೆಗಳು. ಯಾರು ಬೇಕಾದರೂ ತೆಗೆದು ಓದಬಹುದು. ಅಂಚು ಮೆತ್ತಗಾದ ಹಾಳೆಗಳು. ಜೇಬಿನಲ್ಲಿದ್ದ 20 ಶೆಕೆಲ್‌ನ ಕೆಂಪು ನೋಟು ತೆಗೆದು ನೋಡಿದರೆ ಅದರ ಮೇಲಿರುವುದೂ ಅವರದೇ ಮುಖ. ಅಪ್ಪ ಆ ನೋಟನ್ನು ಖರ್ಚು ಮಾಡಲು ಬಿಡಲಿಲ್ಲ.

ಈಗ ತಯಾರಿಯ ಮಾತು. 2023ರ ಅಕ್ಟೋಬರಿನಲ್ಲಿ ಶುರುವಾದ ಗಾಜಾ ಯುದ್ಧದ ನಂತರ ಪರಿಸ್ಥಿತಿ ಆಗಾಗ ಬದಲಾಗುತ್ತಿದೆ. ಟಿಕೆಟ್ ಮಾಡುವ ಮೊದಲು ಭಾರತೀಯ ರಾಯಭಾರ ಕಚೇರಿಯ ಸೂಚನೆ ಓದಿ. ವೀಸಾ ಬೇಕೇ ಬೇಕು. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಒಂದು ನೀಲಿ ಚೀಟಿ ಕೊಡುತ್ತಾರೆ, ಅದನ್ನು ಕಳೆಯಬೇಡಿ.

ಟೆಲ್ ಅವೀವ್‌ನಿಂದ ಟೈಬೀರಿಯಸ್‌ಗೆ ಬಸ್ಸಿದೆ, ಅಲ್ಲಿಂದ ಹತ್ತು ಕಿಲೋಮೀಟರ್ ಚಿಲ್ಲರೆ. ಬಸ್ಸಿಗೆ ರವ್-ಕವ್ ಎಂಬ, ಹಣ ತುಂಬಿ ಬಳಸುವ ಟಿಕೆಟ್ ಕಾರ್ಡ್ ಮಾಡಿಸಿಕೊಳ್ಳಿ. ನಮಗೆ ಏಟು ಬಿದ್ದದ್ದು ಶುಕ್ರವಾರದಿಂದ. ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗೆ ಶುಕ್ರವಾರ ಮಧ್ಯಾಹ್ನದ ಹೊತ್ತಿಗೇ ಬಸ್ಸು ನಿಲ್ಲುತ್ತವೆ, ಮತ್ತೆ ಓಡುವುದು ಶನಿವಾರ ಕತ್ತಲಾದ ಮೇಲೆ. ಅದನ್ನು ನೋಡಿಕೊಳ್ಳದೆ ಒಂದು ಇಡೀ ದಿನ ಟೈಬೀರಿಯಸ್‌ನಲ್ಲೇ ಕಳೆಯಿತು. ಭಾನುವಾರದಿಂದ ಗುರುವಾರದೊಳಗೆ ಹೋಗಿ. ಸರೋವರ ಸಮುದ್ರ ಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ, ಬೇಸಿಗೆಯಲ್ಲಿ ಸೆಕೆ ವಿಪರೀತ. ಮಾರ್ಚ್ ನಮಗೆ ಹಿತವಾಗಿತ್ತು. ವಯಸ್ಸಾದವರನ್ನು ಧೈರ್ಯವಾಗಿ ಕರೆದೊಯ್ಯಿರಿ, ಒಳಗೆ ನೆಲ ಸಮತಟ್ಟಾಗಿದೆ.

ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ. ಹಮ್ಮಸ್, ಫಲಾಫೆಲ್, ಗಟ್ಟಿ ಮೊಸರಿನಂಥ ಲಬನೆ ಎಲ್ಲ ಕಡೆ ಸಿಗುತ್ತವೆ. ಇನ್ನೊಂದು, ಇದು ಜನ ವಾಸಿಸುವ ಊರು. ಮನೆಗಳ ಕಡೆ ಕ್ಯಾಮೆರಾ ತಿರುಗಿಸುವ ಮೊದಲು ಕೇಳಿ.

ಒಂದು ದಿನ ಜಾಸ್ತಿ ಇದ್ದರೆ ಹೈಫಾಕ್ಕೂ ಹೋಗಿ. 1918ರ ಸೆಪ್ಟೆಂಬರ್ 23ರಂದು ಆ ಊರನ್ನು ಗೆದ್ದವರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಅಲ್ಲಿ ಭಾರತೀಯ ಸೈನಿಕರ ಸಮಾಧಿಗಳಿವೆ.

ವಾಪಸ್ ಬರುವಾಗ ಖರ್ಜೂರ ತನ್ನಿ, ಜೋರ್ಡಾನ್ ಕಣಿವೆಯ ಮೆಜೂಲ್, ಹೆಬ್ಬೆರಳಿನಷ್ಟು ದಪ್ಪ. ನಾವು ತಂದ ಎರಡು ಡಬ್ಬಿಯಲ್ಲಿ ಒಂದನ್ನು ಅಪ್ಪ ನೇರ ಸಂಘದ ಆಫೀಸಿಗೇ ಒಯ್ದರು.