ಅಗ್ಗದ ಎಸ್‌ಎಸ್‌ಡಿ ಕೊಳ್ಳುವ ಮೊದಲು ನಾನು ಗಿರಾಕಿಗಳಿಗೆ ಕೇಳುವ ಎರಡು ಪ್ರಶ್ನೆಗಳು

ನಮ್ಮ ದುರಸ್ತಿ ಅಂಗಡಿಗೆ ಬರುವ ಹಳೆಯ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ, ನಿಧಾನವಾಗಿರುತ್ತವೆ. ಶಿವಮೊಗ್ಗ ಮತ್ತು ಸುತ್ತಲಿನ ತಾಲ್ಲೂಕುಗಳ ಡಿಟಿಪಿ ಕೇಂದ್ರಗಳು, ಜೆರಾಕ್ಸ್ ಅಂಗಡಿಗಳು, ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ಕಚೇರಿಗಳು, ಫೋಟೊ ಸ್ಟುಡಿಯೋಗಳು ನಮ್ಮ ಗಿರಾಕಿಗಳು. ಅವರಲ್ಲಿ ಬಹುಪಾಲು ಜನ ಹೇಳುವುದು ಒಂದೇ ಮಾತು: “ಕಡಿಮೆ ರೇಟಿನದು ಯಾವುದಾದರೂ ಒಂದು ಎಸ್‌ಎಸ್‌ಡಿ ಹಾಕಿಕೊಡಿ ಸಾರ್.” ಎಸ್‌ಎಸ್‌ಡಿ ಎಂದರೆ ಹಾರ್ಡ್‌ಡಿಸ್ಕಿನ ಬದಲಿಗೆ ಹಾಕುವ, ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವು. ಈ ಕೋರಿಕೆಯಲ್ಲಿ ತಪ್ಪಿಲ್ಲ, ಕಡಿಮೆ ಬೆಲೆಯದೇ ಅವರಲ್ಲಿ ಹಲವರಿಗೆ ಸಾಕಾಗುತ್ತದೆ. ಆದರೆ ‘ಯಾವುದಾದರೂ ಒಂದು’ ಎಂಬ ಮಾತು ಬಂದಾಗ ಮಾತ್ರ ನಾನು ತಡೆದು ಎರಡು ಪ್ರಶ್ನೆ ಕೇಳುತ್ತೇನೆ. ಇದು ಯಾವ ಯಂತ್ರದೊಳಗೆ ಕೂರಬೇಕು? ಇದರ ಮೇಲೆ ದಿನಕ್ಕೆ ಎಷ್ಟು ಡೇಟಾ ಬರೆಯುತ್ತೀರಿ?

ಮೊದಲ ಪ್ರಶ್ನೆ ಏಕೆಂದರೆ, ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಕೊಡುವ ಲಾಭ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವ ವೇಗದಿಂದ ಬರುವುದಿಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕಿನ ತಟ್ಟೆಗೆ ಒಂದು ಸುತ್ತು ಮುಗಿಸಲು 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಓದುವ ತಲೆಯೂ ಸರಿಯಾದ ಜಾಗಕ್ಕೆ ಸರಿಯಬೇಕು. ಹೀಗಾಗಿ ತಟ್ಟೆಯ ಮೇಲೆ ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ಸುಮಾರು ನೂರು ಬಾರಿಯಷ್ಟೇ ಹುಡುಕಿ ತರಬಲ್ಲದು. ವಿಂಡೋಸ್ ಆನ್ ಆಗುವಾಗ ಇಂಥ ಸಣ್ಣ ಓದುಗಳು ಸಾವಿರಗಟ್ಟಲೆ ನಡೆಯುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಈ ಕಾಯುವಿಕೆ ಬಹುಪಾಲು ಇಲ್ಲವಾಗುತ್ತದೆ. ಸಾಧಾರಣ ಎಸ್‌ಎಸ್‌ಡಿ ಹಾಕಿದಾಗಲೂ ‘ಹೊಸ ಕಂಪ್ಯೂಟರಿನಂತಾಯಿತು’ ಎಂದು ಗಿರಾಕಿಗಳು ಹೇಳುವುದು ಇದೇ ಕಾರಣಕ್ಕೆ. ಆ ಮೊದಲ ಜಿಗಿತದ ಮೇಲೆ ಇನ್ನಷ್ಟು ವೇಗಕ್ಕೆಂದು ತೆರುವ ಹಣ ಬಿಲ್ಲು ಟೈಪ್ ಮಾಡುವವರ ಅನುಭವಕ್ಕೆ ಬರುವುದು ತೀರಾ ಕಡಿಮೆ.

ನಮ್ಮ ಮೇಜಿಗೆ ಈಗಲೂ ಬರುವ ಎಚ್61 ಚಿಪ್‌ಸೆಟ್ಟಿನ ಮದರ್‌ಬೋರ್ಡುಗಳನ್ನೇ ನೋಡಿ. 2011ರ ಈ ಚಿಪ್‌ಸೆಟ್ಟಿನಲ್ಲಿ ಇರುವುದು ಸೆಕೆಂಡಿಗೆ 3 ಗಿಗಾಬಿಟ್‌ನ ಎರಡನೆಯ ತಲೆಮಾರಿನ ಸಾಟಾ, ಅಂದರೆ ಡ್ರೈವನ್ನು ಬೋರ್ಡಿಗೆ ಜೋಡಿಸುವ ಸಂಪರ್ಕ. ಸೆಕೆಂಡಿಗೆ 550 ಎಂಬಿ ವೇಗವೆಂದು ಅಚ್ಚಾಗಿರುವ ಎಸ್‌ಎಸ್‌ಡಿ ಇಲ್ಲಿ 280 ಎಂಬಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೂ ಲಾಭವಿದೆ, ಏಕೆಂದರೆ ಸಣ್ಣ ಓದುಗಳಿಗೆ ಆ ಮಿತಿ ಅಷ್ಟಾಗಿ ಅಡ್ಡಬರುವುದಿಲ್ಲ. ಈ ಬೋರ್ಡುಗಳಿಗೆ ಪಿಸಿಐ ಎಕ್ಸ್‌ಪ್ರೆಸ್ ಅಡಾಪ್ಟರ್ ಹಾಕಿ, ಸಾಟಾಕ್ಕಿಂತ ವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಕೂರಿಸುವ ಸಲಹೆಯನ್ನು ವಿಡಿಯೋ ನೋಡಿ ಬಂದವರು ಆಗಾಗ ಮುಂದಿಡುತ್ತಾರೆ. ಇವುಗಳ ಬಯಾಸ್‌ಗೆ (ಯಂತ್ರ ಆನ್ ಆದೊಡನೆ ಮೊದಲು ನಡೆಯುವ ತಂತ್ರಾಂಶಕ್ಕೆ) ಸಾಮಾನ್ಯವಾಗಿ ಎನ್‌ವಿಎಂಇಯಿಂದ ಬೂಟ್ ಆಗುವುದು ತಿಳಿಯದು. ಹೀಗಾಗಿ ನಾನು ಅವರಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನೇ ಕೊಡುತ್ತೇನೆ.

ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕಿದೆ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ, ಎಂ.2 ಎಂಬ ಪಟ್ಟಿಯಾಕಾರದ ಎಸ್‌ಎಸ್‌ಡಿಗಳಲ್ಲಿ ಸಾಟಾ ಬಳಸುವವೂ ಇವೆ, ಎನ್‌ವಿಎಂಇ ಬಳಸುವವೂ ಇವೆ. ದೂರದಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಸಾಟಾ ಪಟ್ಟಿಯ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಕಚ್ಚುಗಳಿರುತ್ತವೆ, ಎನ್‌ವಿಎಂಇ ಪಟ್ಟಿಯಲ್ಲಿ ಹೆಚ್ಚಾಗಿ ಒಂದೇ. ಆದರೆ ಸ್ಲಾಟಿಗೆ ಟಾರ್ಚ್ ಹಿಡಿದು ನೋಡಿದರೂ, ಪಟ್ಟಿ ಸಲೀಸಾಗಿ ಒಳಗೆ ಕೂತರೂ, ಬೋರ್ಡು ಅದನ್ನು ಗುರುತಿಸುತ್ತದೆಂದು ಹೇಳಲಾಗದು. ಲ್ಯಾಪ್‌ಟಾಪಿನ ಪೂರ್ಣ ಮಾದರಿ ಸಂಖ್ಯೆಯನ್ನು ತಳದ ಚೀಟಿಯಿಂದ ಬರೆದುಕೊಂಡು, ತಯಾರಕರ ಕೈಪಿಡಿಯಲ್ಲಿ ಆ ಸ್ಲಾಟ್ ಯಾವುದಕ್ಕೆ ಹೊಂದುತ್ತದೆಂದು ಖಚಿತಪಡಿಸಿಕೊಂಡ ಬಳಿಕವೇ ನಾವು ಬೆಂಗಳೂರಿನ ಎಸ್.ಪಿ. ರಸ್ತೆಯ ವ್ಯಾಪಾರಿಗಳಿಗೆ ಆರ್ಡರ್ ಕೊಡುತ್ತೇವೆ.

ಎರಡನೆಯ ಪ್ರಶ್ನೆಯ ಮಹತ್ವ ನನಗೆ ಮನದಟ್ಟಾದದ್ದು ಒಂದು ಸ್ಟುಡಿಯೋದವರ ಕಂಪ್ಯೂಟರಿನಿಂದ. ಮದುವೆಯ ವಿಡಿಯೋಗಳನ್ನು ಸಂಕಲಿಸುವ ಅವರು ಬೇರೆ ಕಡೆ ತೀರಾ ಅಗ್ಗದ 480 ಜಿಬಿ ಎಸ್‌ಎಸ್‌ಡಿ ಕೊಂಡು ಹಾಕಿಸಿದ್ದರು. “ಹೊಸದು ಹಾಕಿಸಿದ ಮೇಲೆ ಕಾಪಿ ಮಾಡೋದು ಹಳೇದಕ್ಕಿಂತ ನಿಧಾನ ಆಯ್ತಲ್ಲ ಸಾರ್” ಎಂಬುದು ಅವರ ದೂರು. ಅವರ ಎದುರಿಗೇ ಪೋರ್ಟಬಲ್ ಎಸ್‌ಎಸ್‌ಡಿಯಿಂದ ಒಂದು ಮದುವೆಯ ಕಡತಗಳನ್ನು ನಕಲಿಸಲು ಹಚ್ಚಿದೆ. ಪರದೆಯ ಹಸಿರು ನಕ್ಷೆ ಸೆಕೆಂಡಿಗೆ 400 ಎಂಬಿಯ ಹತ್ತಿರ ಸಮತಟ್ಟಾಗಿ ಸಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಥಟ್ಟನೆ ಕುಸಿದು 50ರ ಸುತ್ತ ತೆವಳತೊಡಗಿತು, ನಡುನಡುವೆ ಸೊನ್ನೆ ಮುಟ್ಟಿ ಮತ್ತೆ ಏಳುತ್ತಿತ್ತು. ಆ ಡ್ರೈವಿನಲ್ಲಿ ಯಾವ ದೋಷವೂ ಇರಲಿಲ್ಲ. ಅದು ಕ್ಯೂಎಲ್‌ಸಿ ಜಾತಿಯದು, ಅಂದರೆ ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವಂಥದು. ನಾಲ್ಕು ಬಿಟ್ ಎಂದರೆ ಒಂದೇ ಕೋಶದಲ್ಲಿ 16 ವಿದ್ಯುತ್ ಮಟ್ಟಗಳನ್ನು ಬೇರ್ಪಡಿಸಿ ಬರೆಯಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಈ ನಿಧಾನವನ್ನು ಮರೆಮಾಡಲು ಖಾಲಿ ಜಾಗದ ಒಂದು ಭಾಗವನ್ನು ಕಂಟ್ರೋಲರ್ ಎಂಬ ನಿಯಂತ್ರಕ ಚಿಪ್, ಕೋಶಕ್ಕೆ ಒಂದೇ ಬಿಟ್ಟಿನಂತೆ ವೇಗವಾಗಿ ತುಂಬಿ, ಬಿಡುವಾದಾಗ ನಾಲ್ಕು ಬಿಟ್ಟಿಗೆ ಮಡಚುತ್ತದೆ. ಇದನ್ನೇ ಎಸ್‌ಎಲ್‌ಸಿ ಕ್ಯಾಷ್ ಎನ್ನುವುದು. ಡಿಸ್ಕ್ ತುಂಬುತ್ತಾ ಹೋದಂತೆ ಆ ಜಾಗವೂ ಕಿರಿದಾಗುತ್ತದೆ. ಅವರ ಡಿಸ್ಕಿನಲ್ಲಿ ಖಾಲಿ ಉಳಿದಿದ್ದದ್ದು ಹತ್ತರಲ್ಲೊಂದು ಪಾಲು.

ಅದೇ ಡ್ರೈವನ್ನು ಬಿಚ್ಚಿ ಅವರ ಬಿಲ್ಲಿಂಗ್ ಕಂಪ್ಯೂಟರಿಗೆ ಹಾಕಿದೆವು. ಅಲ್ಲಿ ಅದು ಯಾವ ತಕರಾರೂ ಇಲ್ಲದೆ ನಡೆಯುತ್ತಿದೆ. ಸಂಕಲನದ ಕಂಪ್ಯೂಟರಿಗೆ ಕೋಶಕ್ಕೆ ಮೂರು ಬಿಟ್ಟಿನ ಟಿಎಲ್‌ಸಿ ಇರುವ, ಡಿರ‍್ಯಾಮ್ ಕ್ಯಾಷ್ ಉಳ್ಳ ಎಸ್‌ಎಸ್‌ಡಿ ತರಿಸಿಕೊಟ್ಟೆವು. ಯಾವ ಡೇಟಾ ಎಲ್ಲಿದೆಯೆಂಬ ಪಟ್ಟಿಯನ್ನು ಎಸ್‌ಎಸ್‌ಡಿ ಸದಾ ನೋಡಿಕೊಳ್ಳುತ್ತಿರಬೇಕಾಗುತ್ತದೆ. ಡಿರ‍್ಯಾಮ್ ಕ್ಯಾಷ್ ಎಂದರೆ ಆ ಪಟ್ಟಿಗೆಂದೇ ಇರುವ ಮೆಮೊರಿ. ಅಗ್ಗದವುಗಳಲ್ಲಿ ಇದನ್ನು ಮೊದಲು ಕೈಬಿಡುತ್ತಾರೆ. ಎನ್‌ವಿಎಂಇ ಆದರೆ ಕಂಪ್ಯೂಟರಿನ ರ‍್ಯಾಮಿನಲ್ಲೇ ಸ್ವಲ್ಪ ಜಾಗ ಎರವಲು ಪಡೆದು ಸುಧಾರಿಸಿಕೊಳ್ಳುವ ಸೌಲಭ್ಯವಿದೆ, ಸಾಟಾಕ್ಕೆ ಅದಿಲ್ಲ. ಆದ್ದರಿಂದ ಡಿರ‍್ಯಾಮ್ ಇಲ್ಲದ ಎನ್‌ವಿಎಂಇಯನ್ನು ಸಾಧಾರಣ ಕೆಲಸಕ್ಕೆ ನಾನು ಧೈರ್ಯವಾಗಿ ಕೊಡುತ್ತೇನೆ. ಡಿರ‍್ಯಾಮ್ ಇಲ್ಲದ ಸಾಟಾ ಡ್ರೈವನ್ನು ಕೆಲಸ ಯಾವುದೆಂದು ತಿಳಿದ ಮೇಲೆ ಮಾತ್ರ.

ಬಾಳಿಕೆಯ ಲೆಕ್ಕವೂ ಬರೆಯುವ ಪ್ರಮಾಣದ ಮೇಲೆಯೇ ನಿಂತಿದೆ. ವಾರಂಟಿಯ ಅವಧಿಯಲ್ಲಿ ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದೆಂಬುದನ್ನು ತಯಾರಕರು ಟಿಬಿಡಬ್ಲ್ಯು ಎಂಬ ಅಂಕಿಯಲ್ಲಿ ತಿಳಿಸುತ್ತಾರೆ. ಕ್ರೂಷಿಯಲ್ ಬಿಎಕ್ಸ್500ರ 480 ಜಿಬಿ ಮಾದರಿಗೆ ಅದು 120, ವಾರಂಟಿ ಮೂರು ವರ್ಷ. ಸ್ಯಾಮ್‌ಸಂಗ್ 870 ಇವಿಒದ 500 ಜಿಬಿ ಮಾದರಿಗೆ 300, ವಾರಂಟಿ ಐದು ವರ್ಷ. ದಿನಕ್ಕೆ 20 ಜಿಬಿ ಬರೆಯುವ ಕಚೇರಿಗೆ 120 ಟೆರಾಬೈಟ್ ಮುಗಿಯಲು ಹದಿನಾರು ವರ್ಷ ಬೇಕು, ಹಾಗಾಗಿ ಅಲ್ಲಿ ಹೆಚ್ಚಿನದಕ್ಕೆ ಹಣ ಸುರಿಯುವುದು ದಂಡ. ದಿನಕ್ಕೆ 300 ಜಿಬಿ ಸುರಿಯುವ ಸ್ಟುಡಿಯೋದಲ್ಲಿ ಅದೇ 120 ಟೆರಾಬೈಟ್ 400 ದಿನಗಳಲ್ಲಿ ತೀರುತ್ತದೆ.

ಒಂದೇ ಹೆಸರಿನ ಡ್ರೈವಿನೊಳಗೆ ಯಾವಾಗಲೂ ಒಂದೇ ಬಗೆಯ ಚಿಪ್ ಇರುತ್ತದೆಂಬ ಭರವಸೆಯೂ ಇಲ್ಲ. ಕ್ರೂಷಿಯಲ್ ಪಿ2 ಎಂಬ ಎನ್‌ವಿಎಂಇ ಡ್ರೈವು ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಬದಲಾದದ್ದು 2021ರಲ್ಲಿ ಪರೀಕ್ಷಕರ ಕಣ್ಣಿಗೆ ಬಿದ್ದು ದೊಡ್ಡ ಚರ್ಚೆಯಾಗಿತ್ತು. ಹಳೆಯ ವಿಮರ್ಶೆಯೊಂದನ್ನೇ ನಂಬಿ ಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕಾಗಿ. ಇದಕ್ಕಿಂತ ಕೆಟ್ಟದ್ದು ನಕಲಿ ಮಾಲು. ಸಾವಿರ-ಎರಡು ಸಾವಿರ ರೂಪಾಯಿಗೆ ಹಲವು ಟೆರಾಬೈಟ್ ಎಂದು ಮಾರುವ ಪೋರ್ಟಬಲ್ ಎಸ್‌ಎಸ್‌ಡಿಗಳನ್ನು ಬಿಚ್ಚಿದರೆ ಒಳಗೆ ಒಂದು ಯುಎಸ್‌ಬಿ ಬೋರ್ಡು, ಅದಕ್ಕೆ ಸಿಕ್ಕಿಸಿದ ಮೆಮೊರಿ ಕಾರ್ಡು ಸಿಗುವುದುಂಟು. ವಿಂಡೋಸ್ ಅದನ್ನು ದೊಡ್ಡದೆಂದೇ ತೋರಿಸುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳಾಗುತ್ತದೆ. ಸಂಶಯವಿದ್ದ ಡ್ರೈವನ್ನು ನಾವು ಎಚ್2ಟೆಸ್ಟ್‌ಡಬ್ಲ್ಯು ತಂತ್ರಾಂಶದಿಂದ ಪೂರ್ತಿ ತುಂಬಿಸಿ, ಮತ್ತೆ ಓದಿಸಿ ನೋಡುತ್ತೇವೆ. ಆದರೆ 480 ಜಿಬಿಯದು 447 ಎಂದು ಕಂಡರೆ ಅದು ಮೋಸವಲ್ಲ: ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಕೂರಿಸುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಯಾಸ್‌ನಲ್ಲಿ ಸಾಟಾ ಮೋಡ್ ಎಂಬ ಆಯ್ಕೆ ಎಎಚ್‌ಸಿಐ ಆಗಿರಬೇಕು. ಬಳಸದ ಡಿವಿಡಿ ಡ್ರೈವಿನ ಜಾಗಕ್ಕೆ ಹಳೆಯ ಹಾರ್ಡ್‌ಡಿಸ್ಕನ್ನು ಸೇರಿಸುವುದಾದರೆ ಅದನ್ನು ಹಿಡಿದಿಡುವ ಕ್ಯಾಡಿ ಎಂಬ ಚೌಕಟ್ಟನ್ನು 9.5 ಮತ್ತು 12.7 ಮಿಲಿಮೀಟರ್ ದಪ್ಪಗಳಲ್ಲಿ ಯಾವುದೆಂದು ಅಳೆದೇ ತರಿಸಬೇಕು. ಆ ಹಾರ್ಡ್‌ಡಿಸ್ಕನ್ನು ಎಸೆಯದೆ ಕಡತಗಳ ಇನ್ನೊಂದು ಪ್ರತಿ ಇಡಲು ಬಳಸಿರೆಂದು ನಾನು ಪ್ರತಿಯೊಬ್ಬರನ್ನೂ ಕೇಳಿಕೊಳ್ಳುತ್ತೇನೆ. ಹಾರ್ಡ್‌ಡಿಸ್ಕ್ ಸಾಯುವ ಮುನ್ನ ಹಲವು ಬಾರಿ ಸದ್ದು ಮಾಡಿ, ನಿಧಾನವಾಗಿ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಒಂದು ಬೆಳಿಗ್ಗೆ ಸುಮ್ಮನೆ ಕಾಣೆಯಾಗಬಹುದು. ಅಳಿಸಿದ ಕಡತಗಳ ಜಾಗವನ್ನು ಡ್ರೈವಿಗೆ ತಿಳಿಸಿ ತೆರವು ಮಾಡಿಸುವ ಟ್ರಿಮ್ ಎಂಬ ಆದೇಶ ಕೆಲಸ ಮಾಡುತ್ತಿರುವ ಡ್ರೈವಿನಲ್ಲಿ ಅಳಿಸಿದ ಕಡತವನ್ನು ಮರಳಿ ಪಡೆಯುವ ಆಸೆಯೂ ಬಹುತೇಕ ಇರುವುದಿಲ್ಲ. ಹದಿನೈದು ವರ್ಷಗಳ ಲಗ್ನಪತ್ರಿಕೆಗಳ, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳನ್ನು ಒಂದೇ ಡ್ರೈವಿನಲ್ಲಿಟ್ಟುಕೊಂಡಿರುವ ಡಿಟಿಪಿ ಕೇಂದ್ರಗಳನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದ ಮೇಲೆ, ಇಷ್ಟು ಹಳೆಯ ಯಂತ್ರಕ್ಕೆ ಹಣ ಹಾಕುವುದು ಸರಿಯೇ ಎಂಬ ಪ್ರಶ್ನೆ ಹೆಚ್ಚಾಗಿದೆ. 2.5 ಇಂಚಿನ ಸಾಟಾ ಡ್ರೈವನ್ನು ಮುಂದೆ ಕೊಳ್ಳುವ ಡೆಸ್ಕ್‌ಟಾಪಿಗೂ ಹಾಕಿಕೊಳ್ಳಬಹುದು. ಆದ್ದರಿಂದ ಆ ಯಂತ್ರದ ಆಯುಷ್ಯವನ್ನು ನೋಡಿ 120 ಜಿಬಿಯದನ್ನು ಕೊಳ್ಳುವ ಬದಲು, ಕೈಗೆಟಕುವುದಾದರೆ 480 ಅಥವಾ 500 ಜಿಬಿಯದನ್ನೇ ಕೊಳ್ಳಿ ಎನ್ನುತ್ತೇನೆ. ಜಿಎಸ್‌ಟಿ ಬಿಲ್ಲಿನ ಮೇಲೆ ಡ್ರೈವಿನ ಸೀರಿಯಲ್ ಸಂಖ್ಯೆಯನ್ನು ಬರೆಸಿಕೊಂಡು, ಆ ಬಿಲ್ಲಿನ ಫೋಟೊ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ, ಏಕೆಂದರೆ ಬಿಲ್ಲಿನ ಕಾಗದದ ಮೇಲಿನ ಅಚ್ಚು ವಾರಂಟಿ ಮುಗಿಯುವ ಮೊದಲೇ ಮಾಸಿಹೋಗುವುದುಂಟು.