ಕಡಲು ಅಷ್ಟು ದೊಡ್ಡದಿದೆ, ಪಕ್ಕದಿಂದ ಹೋಗಬಾರದೇ?

ನೌಕಾಯುದ್ಧಗಳ ಬಗ್ಗೆ ಬರೆಯುತ್ತೇನೆಂದು ತಿಳಿದವರೆಲ್ಲ ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತಾರೆ. ಶತ್ರು ನೀರಿನಲ್ಲಿ ಮೈನ್, ಅಂದರೆ ಹಡಗು ಬಂದಾಗ ಸಿಡಿಯುವ ಬಾಂಬು, ಇಟ್ಟರೆ ಹಡಗು ಆ ಜಾಗ ಬಿಟ್ಟು ಪಕ್ಕದಿಂದ ಹೋದರಾಯಿತಲ್ಲ? ನಮ್ಮ ಭಾವನವರಂತೂ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಾರೆ.

ಒಮ್ಮೆ ಅವರನ್ನು ಪಣಂಬೂರಿನ ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದೆ. ದೂರದಲ್ಲಿ ಲಂಗರು ಹಾಕಿದ ಹಡಗುಗಳು ಚೆದುರಿ ನಿಂತಿದ್ದವು. ಬಂದರಿಗೆ ಹೊರಟ ಹಡಗು ಮಾತ್ರ ತೇಲುವ ಗುರುತುಗಳ ನಡುವೆ ಗೆರೆ ಎಳೆದ ಹಾಗೆ ಬಂತು. ಅಲ್ಲಿ ಹೂಳೆತ್ತಿ ಆಳ ಮಾಡಿದ ಕಾಲುವೆಯಿದೆ. ಅದನ್ನು ಬಿಟ್ಟು ಸರಿದರೆ ದೊಡ್ಡ ಹಡಗಿನ ತಳ ನೆಲ ಕಚ್ಚುತ್ತದೆ. ಮೈನ್ ಇಡುವವನಿಗೆ ಬೇಕಾದದ್ದು ಈ ಗೆರೆಯಷ್ಟೇ.

1939ರಲ್ಲಿ, ಎರಡನೇ ಮಹಾಯುದ್ಧದ ಆರಂಭದಲ್ಲಿ, ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಜರ್ಮನರು ಮಾಡಿದ್ದು ಇದೇ. ಥೇಮ್ಸ್ ಅಳಿವೆಯ ಹೊರಗೆಲ್ಲ ಮರಳದಿಣ್ಣೆಗಳು, ನಡುವೆ ಇಕ್ಕಟ್ಟಾದ ದಾರಿ. ಲಂಡನ್ನಿನ ವಿದ್ಯುತ್ ಸ್ಥಾವರಗಳಿಗೂ ಮನೆಯ ಒಲೆಗಳಿಗೂ ಬೇಕಾದ ಕಲ್ಲಿದ್ದಲು ಉತ್ತರದ ಟೈನ್ ನದಿಯ ಕಡೆಯಿಂದ ಹಡಗುಗಳಲ್ಲಿ ಈ ದಾರಿಯಲ್ಲೇ ಬರಬೇಕು. ಅಷ್ಟನ್ನೂ ಹೊರುವುದು ರೈಲಿನಿಂದಾಗದ ಮಾತು. ನವೆಂಬರ್ 18ರಂದು ಡಚ್ಚರ ಸೈಮನ್ ಬೊಲಿವರ್, 21ರಂದು ಜಪಾನಿನ ತೆರುಕುನಿ ಮಾರು ಎಂಬ ಹಡಗುಗಳು ಮೈನಿಗೆ ಸಿಕ್ಕಿ ಮುಳುಗಿದವು. ಆಗ ಆ ಎರಡೂ ದೇಶಗಳು ಈ ಯುದ್ಧದಲ್ಲಿ ಇರಲಿಲ್ಲ. ಮೈನಿಗೆ ಬಾವುಟ ಕಾಣುವುದಿಲ್ಲ.

ಹಳೆಯ ಮೈನ್‌ಗಳನ್ನು ತಳದ ಭಾರಕ್ಕೆ ಉಕ್ಕಿನ ಹಗ್ಗದಿಂದ ಕಟ್ಟಿರುತ್ತಿದ್ದರು. ಮೀನುಗಾರಿಕೆಯ ಟ್ರಾಲರ್‌ಗಳು ತಂತಿ ಎಳೆದು ಆ ಹಗ್ಗ ಕತ್ತರಿಸಿದರೆ ಮೈನ್ ಮೇಲೆ ತೇಲುತ್ತಿತ್ತು, ಗುಂಡು ಹೊಡೆದು ಮುಗಿಸುತ್ತಿದ್ದರು. ಈ ಸಲ ತಂತಿಗೆ ಏನೂ ಸಿಗುತ್ತಿರಲಿಲ್ಲ, ಹಡಗುಗಳು ಮಾತ್ರ ಒಡೆಯುತ್ತಿದ್ದವು.

ಉತ್ತರ ಸಿಕ್ಕಿದ್ದು ಕೆಸರಿನಲ್ಲಿ. ನವೆಂಬರ್ 22ರ ರಾತ್ರಿ ಜರ್ಮನ್ ವಿಮಾನ ಪ್ಯಾರಾಚೂಟಿನಲ್ಲಿ ಬಿಟ್ಟ ಮೈನ್‌ಗಳು ಥೇಮ್ಸ್ ಅಳಿವೆಯ ಷೂಬರಿನೆಸ್ ಬಳಿ ತೀರಕ್ಕೆ ಹತ್ತಿರ ಬಿದ್ದು, ನೀರು ಇಳಿದಾಗ ಬಯಲಾದವು. ಬ್ರಿಟಿಷ್ ನೌಕಾಪಡೆಯ ಜಾನ್ ಉವ್ರಿ ಮತ್ತು ಸಂಗಡಿಗರು ರಾತ್ರಿಯೇ ದೀಪ ಹಿಡಿದು ನೋಡಿ, ತಿರುಪಿನ ಅಚ್ಚು ತೆಗೆದುಕೊಂಡು, ಅದಕ್ಕೆ ಹೊಂದುವ ಹಿತ್ತಾಳೆಯ ಸ್ಪ್ಯಾನರ್ ಮಾಡಿಸಿದರು. ಕಬ್ಬಿಣದ್ದಾದರೆ ಮೈನ್ ಎಚ್ಚರಗೊಳ್ಳಬಹುದಿತ್ತು. ಮರುದಿನ ನೀರು ಮತ್ತೆ ಇಳಿದಾಗ ಉವ್ರಿ ಬಿಚ್ಚಲು ಕೂತರು. ಮುಂದೇನು ಮಾಡುತ್ತೇನೆಂದು ದೂರದಲ್ಲಿ ನಿಂತವರಿಗೆ ಮೊದಲೇ ಹೇಳಿಡುತ್ತಿದ್ದರು. ತಾವು ಸತ್ತರೆ ಎಲ್ಲಿ ತಪ್ಪಿತೆಂದು ಮುಂದಿನವನಿಗೆ ತಿಳಿದಿರಲಿ ಎಂದು.

ಒಳಗಿದ್ದದ್ದು ಅಯಸ್ಕಾಂತದ ಸೂಜಿ. ಉಕ್ಕಿನ ಹಡಗು ಕಟ್ಟುವಾಗಲೇ ಕಾಂತವಾಗಿರುತ್ತದೆ. ಅದು ಮೇಲೆ ಹಾದರೆ ಸಾಕು, ಸೂಜಿ ಅಲುಗಿ ವಿದ್ಯುತ್ ಹರಿಯುತ್ತದೆ. ಗುಟ್ಟು ತಿಳಿದ ಮೇಲೆ ಹಡಗಿನ ಸುತ್ತ ಕೇಬಲ್ ಸುತ್ತಿ ವಿದ್ಯುತ್ ಹಾಯಿಸಿ ಆ ಕಾಂತತ್ವವನ್ನು ಅಡಗಿಸಿದರು. ಜೋಡಿ ಹಡಗುಗಳು ತೇಲುವ ಕೇಬಲ್ ಎಳೆದುಕೊಂಡು, ಉಪ್ಪುನೀರಿನಲ್ಲಿ ವಿದ್ಯುತ್ ಮಿಡಿಸುತ್ತ ಮೈನ್‌ಗಳನ್ನು ದೂರದಲ್ಲೇ ಸಿಡಿಸಿದವು. ಜರ್ಮನರೂ ಸುಮ್ಮನಿರಲಿಲ್ಲ: ಮೊದಲ ಕೆಲವು ಹಡಗುಗಳನ್ನು ಎಣಿಸಿ ಬಿಟ್ಟು ಆಮೇಲೆ ಸಿಡಿಯುವ ಮೈನ್ ಬಂತು. ಹಾಗಾಗಿ ನಿನ್ನೆ ಗುಡಿಸಿದ ದಾರಿಯನ್ನು ಇಂದೂ ಗುಡಿಸಬೇಕು, ನಾಳೆಯೂ. ಅಂಗಳದ ಕೆಲಸದಂತೆ ಇದಕ್ಕೆ ಮುಗಿತಾಯವಿಲ್ಲ, ಪದಕಗಳೂ ಕಡಿಮೆ.

ಇದೆಲ್ಲ ದೂರದ ಕಥೆ ಎಂದು ಭಾವನವರು ಮಜ್ಜಿಗೆ ಕಲಸಿಕೊಳ್ಳುತ್ತಾರೆ. ಅಷ್ಟು ದೂರವೇನೂ ಅಲ್ಲ. 1917ರಲ್ಲಿ ವುಲ್ಫ್ ಎಂಬ ಜರ್ಮನ್ ಹಡಗು ಸರಕು ಹಡಗಿನ ವೇಷದಲ್ಲಿ ಬಂದು ಕೊಲಂಬೊ ಮತ್ತು ಮುಂಬೈ ಹೊರಗೆ ಮೈನ್ ಇಟ್ಟು ಹೋಯಿತು. ಆ ಜೂನ್‌ನಲ್ಲಿ ಮಂಗೋಲಿಯಾ ಎಂಬ ಪ್ರಯಾಣಿಕರ ಹಡಗು ಮುಂಬೈ ಹತ್ತಿರ ಮುಳುಗುವಾಗ ವುಲ್ಫ್ ಎಷ್ಟೋ ದೂರ ಸಾಗಿಯಾಗಿತ್ತು.

ಇನ್ನು ನಮ್ಮ ನೌಕಾಪಡೆಯಲ್ಲಿ ಕಾರವಾರದ ಹೆಸರಿನ ಮೈನ್‌ಸ್ವೀಪರ್, ಅಂದರೆ ಮೈನ್ ಗುಡಿಸುವ ಹಡಗು, ಒಂದಿತ್ತು. ಐಎನ್ಎಸ್ ಕಾರವಾರ 2017ರಲ್ಲಿ ನಿವೃತ್ತವಾಯಿತು. ಅದೇ ಸಾಲಿನ ಕೊನೆಯದಾದ ಐಎನ್ಎಸ್ ಕೋಯಿಕ್ಕೋಡ್ 2019ರಲ್ಲಿ ಹೋಯಿತು. ಹೊಸ ಹಡಗುಗಳಿಗೆ ರಕ್ಷಣಾ ಖರೀದಿ ಮಂಡಳಿಯ ಒಪ್ಪಿಗೆ ಸಿಕ್ಕಿದ್ದು 2025ರ ಜುಲೈನಲ್ಲಿ. ಒಪ್ಪಿಗೆ ಸಿಕ್ಕಿತು ಎಂದರೆ ಹಡಗು ನೀರಿಗಿಳಿಯಿತು ಎಂದಲ್ಲ, ಭಾವ.